ದಿಣ್ಣೆ ಹೊಲದ ಗಂಗೆಪೂಜೆ

ಹುಣಸೆದೊಡ್ಡಿಯ ಶಿವಲಿಂಗಮ್ಮನಿಗೆ ಬಾಯಿ ಜೋರು ಎಂಬ ಹೆಸರು ಕೈಲಾಂಚದ ಬಸ್‌ಸ್ಟ್ಯಾಂಡಿನ ತನಕ ಹಬ್ಬಿತ್ತು. ಹೆಸರೇನೂ ಸುಳ್ಳಲ್ಲ. ಡೇರಿಯಲ್ಲಿ ಹಾಲಿನ ಅಳತೆ ಒಂದು ಚಮಚ ತಪ್ಪಿದರೂ ಅವಳ ದನಿ ಊರಬಾಗಿಲಿಗೆ ಕೇಳಿಸುತ್ತಿತ್ತು. ಅವಳ ಹಿಪ್ಪುನೇರಳೆ ತೋಟಕ್ಕೆ ಕುರಿ ನುಗ್ಗಿದರೆ ಕುರಿಗಿಂತ ಮೊದಲು ಕುರಿ ಕಾಯುವವನೇ ಓಡುತ್ತಿದ್ದ. ಆದರೆ ಅವಳು ಬಾಯಿ ಮಾಡಿದ ಕಡೆಯೆಲ್ಲ ತಪ್ಪು ಎದುರಿನವರದೇ ಇರುತ್ತಿತ್ತು ಎಂದು ಹೇಳುವುದಕ್ಕೆ ಮಾತ್ರ ಊರಿನ ನಾಲಗೆ ಹೊರಳುತ್ತಿರಲಿಲ್ಲ.

ಅವಳು ಹುಟ್ಟಿದ್ದು ದೊಡ್ಡಮಳೂರಿನಲ್ಲಿ. ಅಂಬೆಗಾಲು ಕೃಷ್ಣನ ಮುಂದೆ ಮಗು ಬೇಡಿಕೊಂಡು ತೊಟ್ಟಿಲ ಹರಕೆ ಕಟ್ಟುವುದಕ್ಕೆ ಎಲ್ಲೆಲ್ಲಿಂದಲೋ ಜನ ಬರುವ ಊರು ಅದು. ಆ ಊರಿನ ಹೆಣ್ಣಿಗೇ ಮಕ್ಕಳಾಗಲಿಲ್ಲ. ಯಾರಾದರೂ ಈ ಮಾತೆತ್ತಿದರೆ, "ದೇವ್ರು ಪರವೂರೋರ್ಗೆ ಕೊಟ್ಟು ಕೊಟ್ಟು ನಮ್ಗೆ ಉಳಿಸ್ನಿಲ್ಲ ಬುಡು" ಎಂದು ಅವಳೇ ನಕ್ಕುಬಿಡುತ್ತಿದ್ದಳು. ಗಂಡ ಕರಿಯಪ್ಪ ಮೆತ್ತಗಿನ ಮನುಷ್ಯ. ಅವಳು ಮಾತಾಡುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಎರಡು ಹಸು, ಒಂದಿಷ್ಟು ರಾಗಿ, ರೇಷ್ಮೆ ಹುಳು, ಊರ ಹೊರಗೆ ಎತ್ತರದಲ್ಲಿ ದಿಣ್ಣೆ ಹೊಲ, ಅದರಲ್ಲೊಂದು ಬೋರ್‌ವೆಲ್. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಮೋಟಾರಿಗೆ ಬೇಕಾದ ಕರೆಂಟು ಬರುತ್ತಿದ್ದುದು ರಾತ್ರಿ. ಊರೆಲ್ಲ ಮಲಗಿದ ಮೇಲೆ ಟಾರ್ಚು ಹಿಡಿದು ಹೊಲಕ್ಕೆ ಹೋಗಿ ಮೋಟಾರು ಹಾಕಬೇಕು, ನೀರು ಕಟ್ಟಬೇಕು. ಕಾಡಂಚಿನ ಹೊಲ ಬೇರೆ. ಹಾಗೆ ಹೋದ ಕರಿಯಪ್ಪನನ್ನು ಒಂಟಿ ಸಲಗ ತುಳಿಯಿತು. ಬೆಳಗಾಗಿ ಜನ ಹೋಗಿ ನೋಡಿದರೆ ಮೋಟಾರು ಓಡುತ್ತಲೇ ಇತ್ತು. ಸಾಲುಗಳಲ್ಲಿ ನೀರು ತುಂಬಿ ಬದು ದಾಟಿ ಹರಿಯುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಹೆಣದ ಪಕ್ಕ ಕೂತಿದ್ದ ಶಿವಲಿಂಗಮ್ಮನೇ ಎದ್ದು ಹೋಗಿ ಆರಿಸಿ ಬಂದಳು.

ಆನೆ ತುಳಿದದ್ದಕ್ಕೆ ಪರಿಹಾರದ ದುಡ್ಡು ಬಂತು. ಆಗ ಮುಂದೆ ಬಂದವನು ಮೈದುನ ಸ್ವಾಮಿ. ಪಂಚಾಯ್ತಿ ಮೆಂಬರು. ಊರಿನಲ್ಲಿ ಯಾವ ಕೆಲಸವಾದರೂ ತಾನು ಮುಂದೆ ನಿಂತಿರದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕೆಟ್ಟವನಲ್ಲ. ಎಲ್ಲರ ಒಳ್ಳೆಯದೂ ತನ್ನ ಕೈಯಿಂದಲೇ ಆಗಬೇಕು ಎನ್ನುವ ಜಾತಿ, ಅಷ್ಟೆ.

"ಅತ್ಗೆ, ಬ್ಯಾಂಕಲ್ಲಿ ಇಟ್ಬುಡು. ನಿನ್ ಕಾಲಕ್ಕಾಯ್ತದೆ" ಎಂದ.

"ನನ್ ಕಾಲ ನಾನು ನೋಡ್ಕತೀನಿ ಕಣಪ್ಪ. ಕತ್ಲಲ್ಲಿ ಕರೆಂಟ್ ಕೊಟ್ಟು ನನ್ ಗಂಡುನ್ನ ಆನೆ ಕಾಲಿಗೆ ಹಾಕುದ್ರು. ಇನ್ಮ್ಯಾಕೆ ನನ್ ಹೊಲುಕ್ಕೆ ಹಗಲೊತ್ನಲ್ಲೇ ನೀರು ಬರ್ಬೇಕು. ಸೂರ್ಯನ್ನ ಯಾರೂ ರಾತ್ರಿ ಪಾಳಿಗೆ ಹಾಕಕ್ಕಾಗಕಿಲ್ಲ."

ಹಾಗೆ ದಿಣ್ಣೆ ಹೊಲಕ್ಕೆ ಸೋಲಾರ್ ಪ್ಲೇಟುಗಳು ಬಂದವು. ಕಬ್ಬಿಣದ ಕಾಲುಗಳ ಮೇಲೆ ಸಾಲಾಗಿ ನಿಂತ ಆ ಕಪ್ಪು ಗಾಜುಗಳನ್ನು ನೋಡಲು ಬಂದವರೆಲ್ಲ ಒಂದೊಂದು ಮಾತು ಅಂದು ಹೋದರು. ಗಂಡ ಸತ್ತ ದುಡ್ಡಿನಲ್ಲಿ ಕನ್ನಡಿ ಹಾಕಿಸಿಕೊಂಡಳು ಅಂದವರೂ ಇದ್ದರು. ಪ್ಲೇಟು ಕೂರಿಸಿದವನು ರಾಮನಗರದ ಮೋಟಾರು ಮೆಕ್ಯಾನಿಕ್ ಮೆಹಬೂಬ್. ಅವನು ಮಾತ್ರ ಏನೂ ಅನ್ನದೆ, ಸ್ವಿಚ್ಚು ಹಾಕುವುದು ಆರಿಸುವುದು ಹೇಳಿಕೊಟ್ಟು, ಮಜ್ಜಿಗೆ ಕುಡಿದು ಹೋದ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಶಿವಲಿಂಗಮ್ಮನಿಗೆ ಸಿಟ್ಟು ಬಂದರೂ ಸರಿ. ಮೊದಲ ಬೇಸಿಗೆಯಲ್ಲಿ ಆ ಪ್ಲೇಟುಗಳನ್ನು ನೋಡಿ ನೋಡಿ ಅವಳ ತಲೆಗೆ ಒಂದು ಯೋಚನೆ ಹೊಳೆಯಿತು. ಒಳ್ಳೆ ಎತ್ತರ, ಒಳ್ಳೆ ಬಿಸಿ, ನಾಯಿ ಕೋಳಿಗಳ ಕಾಟವಿಲ್ಲ. ಕರಿಯಪ್ಪನ ಹಳೆಯ ಪಂಚೆ ಹಾಸಿ ಅದರ ಮೇಲೆ ಇಡೀ ವರ್ಷಕ್ಕಾಗುವಷ್ಟು ಸಂಡಿಗೆ ಇಟ್ಟಳು. ಸಂಡಿಗೆ ಗರಿಗರಿ ಒಣಗಿತು. ನೀರು ಮಾತ್ರ ಬೆರಳು ಗಾತ್ರಕ್ಕೆ ಇಳಿದು, ಆಮೇಲೆ ನಿಂತೇಹೋಯಿತು. ಮೋಟಾರು ಸುಟ್ಟಿತೆಂದು ಎದೆ ಒಡೆದುಕೊಂಡು ಮೆಹಬೂಬನನ್ನು ಕರೆಸಿದಳು. ಅವನು ಬಂದು ನೋಡಿದ, ಬದುವಿನ ಮೇಲೆ ಕೂತ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಮ್ಮಾ, ಇದು ಒಂದೇ ಹಗ್ಗಕ್ಕೆ ಕಟ್ಟಿದ ದನ ಇದ್ದಂಗೆ. ಒಂದು ಮಲಗಿದ್ರೆ ಸಾಲೆಲ್ಲಾ ನಿಲ್ತದೆ" ಎಂದು, ಪಂಚೆ ತೆಗೆಸಿ, ನೀರು ಬರತೊಡಗಿದ ಮೇಲೆ ತನ್ನ ಅಂಗಿ ಬಿಚ್ಚಿ ಒಂದು ಪ್ಲೇಟಿನ ಮೇಲೆ ಹರವಿದ. ಪೈಪಿನಲ್ಲಿ ನೀರು ಸಣ್ಣಗಾಯಿತು. ಅಂಗಿ ತೆಗೆದ, ನೀರು ದಪ್ಪವಾಯಿತು. ಶಿವಲಿಂಗಮ್ಮ ನಾಚಿಕೊಂಡು ಅವನ ಚೀಲಕ್ಕೆ ಅರ್ಧ ಸಂಡಿಗೆ ತುಂಬಿ, ಊರಲ್ಲಿ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

ಅದಾಗಿ ಎರಡು ವರ್ಷಕ್ಕೆ ಆ ಮಳೆ ಬಂತು. ಶ್ರಾವಣ ಮುಗಿಯುವ ಹೊತ್ತು. ಒಂದೇ ಸಮ ಸುರಿದು ಸುರಿದು ಮೇಲಿನ ಊರಿನ ಕೆರೆ ಏರಿ ಒಡೆಯಿತು. ಹುಣಸೆದೊಡ್ಡಿಯ ಕೆಳಗಿನ ಬೀದಿಯಲ್ಲಿ ಎದೆಮಟ್ಟದ ನೀರು. ದನ ಕೊಚ್ಚಿಹೋದವು, ಹುಳು ಸಾಕುವ ಮನೆಗಳಿಗೆ ಕೆಸರು ನುಗ್ಗಿ ನಾಳೆ ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ತಟ್ಟೆಗಳಲ್ಲೇ ಸತ್ತವು. ಕರೆಂಟು ಕಂಬಗಳು ಒರಗಿದವು. ಟ್ರಾನ್ಸ್‌ಫಾರ್ಮರು ಎಲ್ಲೋ ರಾಗಿ ಹೊಲದಲ್ಲಿ ಬೋರಲು ಬಿದ್ದಿತ್ತು. ಊರಿನ ಬೋರ್‌ವೆಲ್ಲಿಗೆ ಹೂಳು ತುಂಬಿತು. ಮೋರಿ ಕುಸಿದು ರಸ್ತೆ ಕಡಿದದ್ದರಿಂದ ಟ್ಯಾಂಕರೂ ಬರುವಂತಿಲ್ಲ. ಕಣ್ಣು ಹಾಯಿಸಿದ ಕಡೆಯೆಲ್ಲ ನೀರು, ಬಾಯಿಗೆ ಬಿಡಲು ಒಂದು ತೊಟ್ಟಿಲ್ಲ. ಕೆಂಪು ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದು ಮಕ್ಕಳಿಗೆ ವಾಂತಿ ಭೇದಿ ಹತ್ತಿಕೊಂಡಿತು. ಸ್ವಾಮಿಯ ಸೊಸೆ ರಾಧಾಮಣಿ ತನ್ನ ಪುಟ್ಟ ಮಗುವನ್ನು ಮಡಿಲಲ್ಲಿಟ್ಟುಕೊಂಡು ಟ್ರಾಕ್ಟರಿನಲ್ಲಿ ಸುತ್ತು ದಾರಿ ಹಿಡಿದು ರಾಮನಗರದ ಆಸ್ಪತ್ರೆಗೆ ಹೋಗಬೇಕಾಯಿತು.

ದಿಣ್ಣೆ ಹೊಲಕ್ಕೆ ಮಾತ್ರ ಏನೂ ಆಗಿರಲಿಲ್ಲ. ಮಳೆ ಬಿಟ್ಟು ಬಿಸಿಲು ಇಣುಕಿದ ಮೊದಲ ದಿನವೇ ಶಿವಲಿಂಗಮ್ಮ ಸ್ವಿಚ್ಚು ಹಾಕಿದಳು. ತೋಳು ಗಾತ್ರದ ತಿಳಿನೀರು ಬಂತು. ಸುದ್ದಿ ಹರಡಿತು. ಮಟಮಟ ಮಧ್ಯಾಹ್ನ ಗಾಳಿ ಸೋಕುತ್ತದೆಂದು ಬಸುರಿ ಬಾಣಂತಿಯರನ್ನು ಹೊಸಿಲು ದಾಟಲು ಬಿಡದ ಊರು, ಅದೇ ಮಟಮಟ ಮಧ್ಯಾಹ್ನ ಕೊಡ ಹೊತ್ತು ದಿಣ್ಣೆ ಏರಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೈಪಿನ ಬಾಯಲ್ಲಿ ನಿಂತಳು.

"ಮೊದ್ಲು ಮಕ್ಳಿರೋ ಮನೆಯೋರು ಬನ್ನಿ. ಏಯ್ ಸ್ವಾಮಿ, ನೀನು ಹಿಂದುಕ್ಕೋಗಪ್ಪ. ನಿನ್ ಹೊಟ್ಟೆ ನೋಡುದ್ರೆ ಆಗ್ಲೇ ಒಂದ್ ಕೊಡ ತುಂಬ್ಕೊಂಡಂಗೈತೆ."

ಎಲ್ಲರೂ ನಕ್ಕರು, ಸ್ವಾಮಿಯೂ ನಕ್ಕ. ಪ್ರತಿ ಕೊಡಕ್ಕೂ ಕೈ ಹಾಕಿ ಎತ್ತಿ ಕೊಟ್ಟವಳು ಅವಳೇ. ಅವಳ ಬೋಳು ಹಣೆ, ಬಳೆಯಿಲ್ಲದ ಕೈ ಆವತ್ತು ಯಾರ ಕಣ್ಣಿಗೂ ಬೀಳಲಿಲ್ಲ. ಬಾಯಾರಿದಾಗ ಶಕುನ ನೋಡುವಷ್ಟು ಪುರುಸೊತ್ತು ಯಾರಿಗಿದೆ?

ಪುರುಸೊತ್ತು ಆಮೇಲೆ ಬಂತು. ಇಳಿಜಾರಿನಲ್ಲಿ ಒಂದು ಕರಿ ಪೈಪು ಎಳೆದುಬಿಟ್ಟರೆ ದಿಣ್ಣೆಯ ನೀರು ತಾನಾಗಿ ಇಳಿದು ಶಾಲೆಯ ಪಕ್ಕದ ನೀರಿನ ತೊಂಬೆಗೆ ಬೀಳುತ್ತದೆ, ಯಾರೂ ಕೊಡ ಹೊತ್ತು ಏರಬೇಕಾಗಿಲ್ಲ ಎಂದು ಶಿವಲಿಂಗಮ್ಮನೇ ಹೇಳಿದಳು. ಸ್ವಾಮಿ ಅದನ್ನು ತನ್ನ ಕೆಲಸವೆಂದು ಹೆಗಲಿಗೆ ಹಾಕಿಕೊಂಡ. ಜನ ಸೇರಿ ಕಾಲುವೆ ತೋಡಿದರು. ಗೌರಿ ಹಬ್ಬ ಕಳೆದ ಮೇಲಿನ ಶುಕ್ರವಾರ ಬೆಳಿಗ್ಗೆ ಮೆಹಬೂಬ್ ಬಂದು ಹಳೆಯ ಪೈಪು ಬಿಚ್ಚಿ ಹೊಸದನ್ನು ಜೋಡಿಸಿದ. ಕೆಸರು ಕುಡಿದ ಮೋಟಾರುಗಳು ಕನಕಪುರದ ಕಡೆ ಅವನಿಗಾಗಿ ಕಾಯುತ್ತಿದ್ದವು. "ಬಿಸ್ಲು ಏರಿದ್ಮೇಲೆ ಸ್ವಿಚ್ ಹಾಕಿ, ಅಷ್ಟೇ" ಎಂದು ಬೈಕು ಹತ್ತಿ ಹೋದ.

ಆದರೆ ಸ್ವಾಮಿಗೆ ಅಷ್ಟೇ ಎಂದರೆ ಸಾಕಾಗುತ್ತದೆಯೇ? ಊರಿಗೆ ಹೊಸ ನೀರು ಬರುವಾಗ ಗಂಗೆಪೂಜೆ ಆಗಬೇಡವೇ? ಅವನ ಹೆಂಡತಿ ವರಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು ಕಲಶ ಹಿಡಿದು ಬಂದಳು, ಹಿಂದೆ ಮತ್ತಷ್ಟು ಮುತ್ತೈದೆಯರು. ದಿಣ್ಣೆ ತುಂಬ ಜನ. ಶಿವಲಿಂಗಮ್ಮನೂ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ಸ್ವಿಚ್ಚಿನ ಡಬ್ಬಿಯ ಹತ್ತಿರ ನಿಂತಿದ್ದಳು. ಸ್ವಾಮಿ ಗಂಟಲು ಸರಿಮಾಡಿಕೊಳ್ಳುತ್ತ ಹತ್ತಿರ ಬಂದ.

"ಅತ್ಗೆ, ತಪ್ಪು ತಿಳ್ಕೋಬ್ಯಾಡ. ಮುತ್ತೈದೇರ ಕಾರ್ಯ. ನೀನೊಸಿ ಅತ್ಲಾಗಿರು."

ಜೀವಮಾನದಲ್ಲಿ ಮೊದಲ ಸಲ ಶಿವಲಿಂಗಮ್ಮನ ಬಾಯಿಗೆ ಮಾತು ಬರಲಿಲ್ಲ. ವಾರಗಿತ್ತಿಯ ಮುಖ ನೋಡಿದಳು. ವರಲಕ್ಷ್ಮಮ್ಮ ಕಲಶದ ಕಡೆ ಕಣ್ಣು ತಿರುಗಿಸಿಕೊಂಡಳು. ಬೇರೆ ಯಾರ ಮದುವೆಗೋ ಸೀಮಂತಕ್ಕೋ ಹೀಗೆ ಅಂದಿದ್ದರೆ ಅವಳು ತಾನಾಗಿಯೇ ದೂರ ಇರುತ್ತಿದ್ದಳು. ಇಷ್ಟು ವರ್ಷ ಇದ್ದದ್ದೂ ಹಾಗೆಯೇ. ಇದು ಅವಳ ಹೊಲ, ಅವಳ ಬೋರು. ಆದರೂ ಹೋಗಿ ಹೊಂಗೆ ಮರದ ಕೆಳಗೆ ಕೂತಳು.

ಶೃಂಗಾರ ಶುರುವಾಯಿತು. ಪ್ಲೇಟುಗಳ ಸಾಲಿಗೆ ಎರಡೂ ಕಡೆ ಗೊನೆ ಬಿಟ್ಟ ಬಾಳೆಕಂದು ಕಟ್ಟಿದರು. ಅಗಲವಾದ ಎಲೆಗಳು ಗಾಜಿನ ಮೇಲೆ ಒರಗಿಕೊಂಡವು. ಒಂದೊಂದು ಪ್ಲೇಟಿಗೂ ವಿಭೂತಿ ಗಟ್ಟಿ ನೆನೆಸಿ, ಅಂಗೈ ಅಗಲದ ಮೂರು ಪಟ್ಟೆ ಎಳೆದರು. ನಡುವೆ ಕಾಸಿನಗಲದ ಕುಂಕುಮ. ಮೇಲಿಂದ ಕೆಳಕ್ಕೆ ಚೆಂಡುಹೂವಿನ ಹಾರ, ಅದರ ಮೇಲೆ ಮಾವಿನ ಸೊಪ್ಪಿನ ತೋರಣ. ಭಕ್ತಿಯಲ್ಲಿ ಯಾರೂ ಜುಗ್ಗತನ ಮಾಡಲಿಲ್ಲ.

ಶಿವಲಿಂಗಮ್ಮನಿಗೆ ಸಂಡಿಗೆಯ ನೆನಪಾಯಿತು. ತಡೆಯಲಾರದೆ ಎದ್ದಳು. "ಸ್ವಾಮಿ, ಪ್ಲೇಟ್ ಮ್ಯಾಕೆ ಏನೂ ಇಡ್ಬ್ಯಾಡ್ರಪ್ಪ, ನೀರು..."

"ಅತ್ಗೆ! ಇವತ್ತೊಂದಿನ ಬಾಯಿ ಮುಚ್ಕೊಂಡಿರಕ್ಕಾಗಕಿಲ್ವಾ?"

ಮುಚ್ಚಿಕೊಂಡಳು. ಮುಚ್ಚಿಕೊಂಡು ಮರಕ್ಕೊರಗಿ ಕೂತಳು. ಹಾಳಾಗಿ ಹೋಗಲಿ, ಈಗ ಗೊತ್ತಾಗುತ್ತದೆ ಇವರಿಗೆ ಎಂದುಕೊಂಡಳು. ಸುಳ್ಳೇಕೆ ಹೇಳಬೇಕು, ಒಳಗೊಳಗೇ ಅವಳಿಗೆ ಸ್ವಲ್ಪ ಖುಷಿಯೂ ಆಯಿತು.

ಮಂಗಳಾರತಿ ಆಯಿತು, ಕಾಯಿ ಒಡೆದರು. ವರಲಕ್ಷ್ಮಮ್ಮ ಸ್ವಿಚ್ಚು ಒತ್ತಿದಳು. ಡಬ್ಬಿ ಗುಂಯ್ ಎಂದಿತು, ಪೈಪಿನೊಳಗೆ ಒಂದು ಸಲ ಗೊಳಕ್ ಎಂದಿತು, ನಿಂತಿತು. ಮತ್ತೆ ಒತ್ತಿದಳು. ಕೆಂಪು ದೀಪ ಹತ್ತಿತು. ಸ್ವಾಮಿ ತಾನೇ ಒತ್ತಿ ನೋಡಿದ. ಕೆಳಗೆ ತೊಂಬೆಯ ಬಳಿ ಕೊಡ ಸಾಲಿಟ್ಟುಕೊಂಡಿದ್ದವರು "ಬರ್ನಿಲ್ಲಾ..." ಎಂದು ಕೂಗಿದರು. ಮೆಹಬೂಬನಿಗೆ ಫೋನು ಹಚ್ಚಿದರೆ ಸಿಗಲಿಲ್ಲ. ಹಳೆಯ ಪೈಪು ಬಿಚ್ಚಿಹಾಕಿದ್ದರಿಂದ ಬೆಳಗಿನಿಂದ ಊರಲ್ಲಿ ಯಾರ ಮನೆಗೂ ನೀರಿರಲಿಲ್ಲ.

ಆಗ ಜನರ ನಡುವಿನಿಂದ ಒಂದು ಮುದಿ ಗಂಡುದನಿ ಬಂತು. "ಅತ್ಲಾಗಿರು ಅಂದ್ರೂ ಎದುರ್ಗೇ ಕುಂತವ್ಳೆ. ಆ ಕಣ್ಣು ಬಿದ್ಮ್ಯಾಕೆ ಗಂಗವ್ವ ಎಲ್ಲಿ ಬತ್ತಾಳೆ?"

ಯಾರೂ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಸ್ವಾಮಿ ಮರದ ಕೆಳಗೆ ಬಂದು ನೆಲ ನೋಡುತ್ತ ಅಂದ: "ಅತ್ಗೆ, ನೀನೊಸಿ ಮನೆ ಕಡೆ ಹೋಗ್ಬುಡು. ಜನ ಒಂದ್ ಥರ ಮಾತಾಡ್ತಾವ್ರೆ."

ಶಿವಲಿಂಗಮ್ಮ ಅವನನ್ನೇ ನೋಡಿದಳು. ಅವನ ಹಿಂದೆ ರಾಧಾಮಣಿ ನಿಂತಿದ್ದಳು, ಸೊಂಟದಲ್ಲಿ ಖಾಲಿ ಕೊಡ. ಮಗುವನ್ನು ಆಸ್ಪತ್ರೆಯಿಂದ ಹಿಂದಿನ ದಿನ ತಾನೆ ಕರೆತಂದಿದ್ದಳು. ಮಾವನಿಗೆ ಹೆದರದೆ ಆ ಹುಡುಗಿ ಕೇಳಿತು: "ದೊಡ್ಡತ್ತೆ, ಕೂಸ್ಗೆ ಕಾಯ್ಸಿ ಕೊಡಾಕೆ ಮನೇಲಿ ಒಂದ್ ಲೋಟ ನೀರಿಲ್ಲ. ನಿಂಗೇನಾದ್ರೂ ಗೊತ್ತಾ ಇದು?"

ಶಿವಲಿಂಗಮ್ಮನ ಖುಷಿಯೆಲ್ಲ ಅಲ್ಲಿಗೆ ಇಳಿದುಹೋಯಿತು. ಸಿಟ್ಟು ಮಾತ್ರ ಉಳಿಯಿತು. ಮರದ ಬುಡದಲ್ಲಿದ್ದ ಕುಡುಗೋಲು ತೆಗೆದುಕೊಂಡು ನೆಟ್ಟಗೆ ನಡೆದಳು. ಜನ ತಾವಾಗಿ ದಾರಿ ಬಿಟ್ಟರು. ಮೊದಲು ಬಾಳೆಕಂದು. ಎರಡೇಟಿಗೆ ಒಂದು, ಮತ್ತೆರಡೇಟಿಗೆ ಇನ್ನೊಂದು, ಗೊನೆ ಸಮೇತ ನೆಲಕ್ಕೆ ಬಿದ್ದವು. ಆಮೇಲೆ ತೋರಣ. ಹಾರಗಳನ್ನು ಮಾತ್ರ ಎಸೆಯಲಿಲ್ಲ. ಒಂದೊಂದನ್ನೇ ತೆಗೆದು ತಂದು ವರಲಕ್ಷ್ಮಮ್ಮನ ತೋಳಿನ ಮೇಲೆ ಹಾಕಿದಳು. ವಿಭೂತಿ ಒಣಗಿ ಗಾಜಿಗೆ ಹಿಡಿದುಕೊಂಡಿತ್ತು. ಅದನ್ನು ಒರೆಸಲು ನೀರು ಬೇಕು. ಆ ದಿಣ್ಣೆಯ ಮೇಲೆ ನೀರಿದ್ದದ್ದು ಕಲಶದಲ್ಲಿ ಮಾತ್ರ. ಶಿವಲಿಂಗಮ್ಮ ಕಲಶದ ಮೇಲಿನ ಕಾಯಿ ಎತ್ತಿ ಪಕ್ಕಕ್ಕಿಟ್ಟು ಸೆರಗಿನ ತುದಿಯನ್ನು ಒಳಗೆ ಅದ್ದಿದಳು.

"ಅತ್ಗೆ!" ಸ್ವಾಮಿಯ ದನಿ ಸೀಳಿಹೋಯಿತು. "ಮುತ್ತೈದೇರ್ ಇಟ್ಟಿರೋ ಕಲಶ ಅದು! ದೇವ್ರ ವಿಭೂತಿ ಅಳುಸ್ತಿದ್ದೀಯ! ನಿನ್ ಕೈ..."

"ನನ್ ಕೈಗೇನಾಗೈತೆ? ಹೇಳ್ಬುಡು. ಊರು ಕೇಳ್ಲಿ."

ಅವಳೇ ಹೇಳಿದಳು, ಮೊದಲ ಪ್ಲೇಟನ್ನು ಉಜ್ಜುತ್ತ, ತಿರುಗಿಯೂ ನೋಡದೆ. "ಮುಂಡೆ ಕೈ. ಹೂಂ ಕಣಪ್ಪ, ಮುಂಡೆ ಕೈಯೇ. ನಾನು ಮುಂಡೆ ಆಗ್ದೆ ಇದ್ದಿದ್ರೆ ಈ ಗಾಜು ಈ ದಿಣ್ಣೆಗೆ ಬತ್ತಾನೇ ಇರ್ನಿಲ್ಲ. ನಿಮ್ಮಣ್ಣ ಸತ್ತಿದ್ದುಕ್ಕೆ ಬಂದದೆ ಇದು. ಹೋದ್ ವಾರ ನಿಮ್ ಕೊಡುಕ್ಕೆಲ್ಲ ಇದೇ ಕೈ ಹಾಕಿ ಎತ್ತಿ ಕೊಟ್ನಲ್ಲ, ಆಗ್ಯಾಕೆ ಯಾರೂ ನೀರು ಚೆಲ್ನಿಲ್ಲ? ಕುಡುದ್ರಲ್ಲ ಗಟಗಟಾ ಅಂತ?"

ಎರಡನೆಯ ಪ್ಲೇಟು. ಮೂರನೆಯದು. ಬಿಳಿ ನೀರು ಗಾಜಿನಿಂದ ಇಳಿದು ಅವಳ ಮೊಣಕೈವರೆಗೂ ಹರಿಯುತ್ತಿತ್ತು. "ಇದ್ರು ಮುಖ ಮುಚ್ಚುದ್ರೆ ಇದು ಕೆಲ್ಸ ಮಾಡಕಿಲ್ಲ. ಗೊತ್ತಾಯ್ತಾ? ಹೂವ ಆದ್ರೂ ಅಷ್ಟೇಯ, ವಿಭೂತಿ ಆದ್ರೂ ಅಷ್ಟೇಯ. ನಾನೂ ಒಂದ್ಸಲ ಸಂಡಿಗೆ ಇಟ್ಟು ನೋಡ್ದೋಳೇ. ಆ ಮೆಹಬೂಬು ಹೊಟ್ಟೆ ಹಿಡ್ಕೊಂಡು ನಕ್ಕ. ನನ್ ಕಣ್ಣಿಂದ ನೀರು ನಿಂತಿಲ್ಲ, ನಿಮ್ ಬಾಳೆಕಂದಿಂದ ನಿಂತದೆ."

ಸಂಡಿಗೆಯ ಮಾತಿಗೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಕೊನೆಯ ಪ್ಲೇಟಿಗೆ ಬರುವಾಗ ಅವಳ ಕೈ ಸೋತಿತ್ತು. ರಾಧಾಮಣಿ ಕೊಡ ಕೆಳಗಿಟ್ಟು ಬಂದು ತನ್ನ ಸೆರಗನ್ನೂ ಕಲಶದಲ್ಲಿ ಅದ್ದಿ ಆ ತುದಿಯಿಂದ ಒರೆಸತೊಡಗಿದಳು. ಸ್ವಾಮಿ ಬಾಯಿ ತೆರೆದವನು ವರಲಕ್ಷ್ಮಮ್ಮನ ಮುಖ ನೋಡಿ ಸುಮ್ಮನಾದ. ತೋಳಿನ ತುಂಬ ಹಾರ ಹೊತ್ತು ನಿಂತಿದ್ದ ಆಕೆ ಗಂಡನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು.

ಒರೆಸಿ ಮುಗಿದ ಮೇಲೆ ಶಿವಲಿಂಗಮ್ಮ ಸ್ವಿಚ್ಚಿನ ಹತ್ತಿರ ಹೋಗಿ, ಒಂದು ಸಲ ಎಲ್ಲರನ್ನೂ ನೋಡಿ, ಒತ್ತಿದಳು. ಡಬ್ಬಿ ಗುಂಯ್ ಎಂದಿತು. ಪೈಪು ಗೊಳಕ್ ಎಂದಿತು. ಆಮೇಲೆ ಕರಿ ಪೈಪು ಇಳಿಜಾರಿನ ಉದ್ದಕ್ಕೂ ಒಂದು ಸಲ ಅದುರಿತು. ಕೆಳಗೆ ತೊಂಬೆಯ ಬಳಿ ಎದ್ದ ಕೂಗು ದಿಣ್ಣೆಗೆ ಕೇಳಿಸಿತು. ರಾಧಾಮಣಿ ಕೊಡ ಎತ್ತಿಕೊಂಡು ಇಳಿಜಾರಿನಲ್ಲಿ ಓಡಿದಳು.

ಆವತ್ತು ಶಿವಲಿಂಗಮ್ಮ ಅತ್ತಳು ಎಂದು ಊರಿನವರು ಹೇಳುತ್ತಾರೆ. ಕೈಗೆ ವಿಭೂತಿ ಮೆತ್ತಿತ್ತು, ಕಣ್ಣುಜ್ಜಿಕೊಂಡೆ, ಉರಿಯಿತು ಎಂದು ಅವಳು ಹೇಳುತ್ತಾಳೆ. ಊರಿಗೆ ಕೇಡಾಗುತ್ತದೆಂದು ಕಾದವರು ಕಾದೇ ಕಾದರು. ಮಕ್ಕಳ ಭೇದಿ ನಿಂತಿತು. ಅದು ಬಿಟ್ಟರೆ ವಿಶೇಷವೇನೂ ಆಗಲಿಲ್ಲ.

ಸ್ವಾಮಿ ಮಾತ್ರ ಅದಾದ ಮೇಲೆ ದಿಣ್ಣೆಯ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಹೆಂಡತಿ ಅವನನ್ನು ಸರಿಯಾಗಿ ಮಾತಾಡಿಸುತ್ತಿಲ್ಲ ಎಂದು ಸುದ್ದಿಯಿತ್ತು. ವರಲಕ್ಷ್ಮಮ್ಮ ದಿನ ಬಿಟ್ಟು ದಿನ ಬಂದು "ಅಕ್ಕಾ" ಎಂದು ಹೊಂಗೆ ಮರದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಆವತ್ತಿನ ಮಾತು ಇಬ್ಬರೂ ಎತ್ತಲಿಲ್ಲ. ಕಂಬಗಳು ಎದ್ದವು, ಕರೆಂಟು ಬಂತು, ಹಳೆಯ ಅಭ್ಯಾಸದಂತೆ ರಾತ್ರಿಯೇ ಬಂತು. ಊರಿನ ಬೋರ್‌ವೆಲ್ಲಿನ ನೀರು ಮಾತ್ರ ಕೆಸರು ವಾಸನೆ ಬಿಡಲಿಲ್ಲ. ಹಾಗಾಗಿ ತೊಂಬೆಗೆ ದಿಣ್ಣೆಯ ನೀರೇ ಇಳಿಯುತ್ತಿತ್ತು, ಶಿವಲಿಂಗಮ್ಮ ಸ್ವಿಚ್ಚು ಹಾಕಿದ ಮೇಲೆ.

ಆಯುಧಪೂಜೆ ಬಂತು. ಊರಿನಲ್ಲಿ ಕುಡುಗೋಲಿನಿಂದ ಟ್ರಾಕ್ಟರ್ ತನಕ ಎಲ್ಲದಕ್ಕೂ ಹೂ ಏರಿತು. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಸ್ವಾಮಿಯ ಮೊಪೆಡ್ಡು ದಿಣ್ಣೆ ಹತ್ತುವುದು ಕಾಣಿಸಿತು. ಹಿಂದೆ ಚೆಂಡುಹೂವಿನ ಹಾರ, ಬುಟ್ಟಿಯಲ್ಲಿ ಕಾಯಿ, ಕುಂಕುಮ. ಬದುವಿನ ಹತ್ತಿರ ಗಾಡಿ ನಿಲ್ಲಿಸಿದವನು ಹೊಲದೊಳಗೆ ಕಾಲಿಡದೆ ನಿಂತ. ಶಿವಲಿಂಗಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು ತಲೆ ಎತ್ತಿದಳು.

"ಅತ್ಗೆ," ಎಂದ ಸ್ವಾಮಿ. ಗಾಡಿಯ ಹಿಂದಿನಿಂದ ಹಾರ ಬಿಚ್ಚಿಕೊಂಡ. ಅದನ್ನು ಮುಂದೆ ಹಿಡಿದು ಕೇಳಿದ: "ಎಲ್ಲಿ ಕಟ್ಲಿ?"

"ಕಂಬುದ್ ಕಾಲ್ಗೆ ಕಟ್ಟು. ಕುಂಕುಮನೂ ಅಲ್ಲೇ ಇಡು."

ಅವನು ಬಗ್ಗಿ ಕಬ್ಬಿಣದ ಕಾಲಿಗೆ ಹಾರ ಸುತ್ತಿದ, ಕುಂಕುಮ ಇಟ್ಟ, ಕಾಯಿ ಒಡೆದ. ಅರ್ಧ ಹೋಳನ್ನು ತಂದು ಮೊದಲು ಅತ್ತಿಗೆಯ ಕೈಗೆ ಕೊಟ್ಟ. ಆಮೇಲೆ ಹಿಂದಕ್ಕೆ ಹೋಗಿ, ಪ್ಲೇಟುಗಳ ಮುಂದೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಕೈ ಮುಗಿದ. ಹೊಲಕ್ಕೆಂದು ಪಕ್ಕದ ತೊಟ್ಟಿಗೆ ಬಿಟ್ಟಿದ್ದ ನೀರಿನ ಸದ್ದು ಸಣ್ಣಗಾಯಿತು. ಶಿವಲಿಂಗಮ್ಮ ಅದನ್ನು ಕೇಳಿಸಿಕೊಂಡಳು. ಬಾಯಲ್ಲಿದ್ದ ಕಾಯಿಚೂರು ಅಗಿದು ನುಂಗಿದಳು.

"ಸ್ವಾಮಿ," ಎಂದಳು, "ನೀನೊಸಿ ಅತ್ಲಾಗಿರು. ನಿನ್ ನೆರಳು ಬೀಳ್ತಾ ಐತೆ."

ಸ್ವಾಮಿ ಕಣ್ಣು ಬಿಟ್ಟು ಅವಳನ್ನು ನೋಡಿದ. ನೋಡಿ, ಮುಗಿದ ಕೈ ಮುಗಿದಂತೆಯೇ, ಪಕ್ಕಕ್ಕೆ ಸರಿದು ನಿಂತ.